ಹಲ್ಲಿನ ಮೇಲಿನ ಕಂದು ಗೆರೆ: ಫ್ಲೋರೈಡ್ ಜೀವಕೋಶದೊಳಗೆ ಏನು ಮಾಡುತ್ತದೆ?

"ಸರ, ದಿನಾ ಎರಡ್ ಸಲ ತಿಕ್ಕತೀನ್ರೀ. ಆದ್ರೂ ಹೋಗವಲ್ದು."

ಕುಷ್ಟಗಿ ತಾಲ್ಲೂಕಿನ ಒಂದು ಹಳ್ಳಿಯ ಹೈಸ್ಕೂಲಿನಲ್ಲಿ ನಾನು ವಿಜ್ಞಾನ ಕಲಿಸುತ್ತೇನೆ. ಎಂಟನೇ ತರಗತಿಯ ಹುಡುಗಿಯೊಬ್ಬಳು ಪಾಠ ಮುಗಿದ ಮೇಲೆ ಬಂದು ಹೀಗೆ ಹೇಳಿದಳು. ಮಾತಾಡುವಾಗ ಅಂಗೈ ಬಾಯಿಗೆ ಅಡ್ಡ ಇತ್ತು. ಮುಂದಿನ ಎರಡು ಹಲ್ಲುಗಳ ಮೇಲೆ ಅಡ್ಡಡ್ಡ ಕಂದು ಗೆರೆ. ಅದರ ಸುತ್ತ ಸುಣ್ಣ ಬಳಿದ ಹಾಗೆ ಬಿಳಿ ಮಚ್ಚೆ. ಇದ್ದಿಲು, ಉಪ್ಪು, ಬೇವಿನ ಕಡ್ಡಿ ಎಲ್ಲ ಆಗಿದೆ. ಸರಿಯಾಗಿ ಹಲ್ಲು ತಿಕ್ಕಲ್ಲ ಅಂತ ಮನೆಯಲ್ಲಿ ಬೈಸಿಕೊಂಡದ್ದೂ ಆಗಿದೆ.

ಅವಳ ತಪ್ಪು ಏನೂ ಇಲ್ಲ. ಆ ಗೆರೆ ಕೊಳೆಯಲ್ಲ. ಅವಳು ಇನ್ನೂ ನಡೆಯಲು ಕಲಿಯುತ್ತಿದ್ದ ಕೂಸಾಗಿದ್ದಾಗ, ವಸಡಿನೊಳಗೆ ಕೂತು ಹಲ್ಲು ಕಟ್ಟುತ್ತಿದ್ದ ಜೀವಕೋಶಗಳ ಕೆಲಸ ಕೆಟ್ಟಿತ್ತು. ಅದರ ಗುರುತು ಈಗ ಕಾಣುತ್ತಿದೆ, ಅಷ್ಟೇ. ನಮ್ಮ ಕಡೆ ಈ ಹಲ್ಲುಗಳನ್ನು ಎಷ್ಟು ಸಲ ನೋಡಿದ್ದೇವೆ ಅಂದರೆ, ಇದೊಂದು ಕಾಯಿಲೆ ಅನ್ನುವುದೇ ಮರೆತು ಹೋಗಿದೆ. ಇದಕ್ಕೆ ಫ್ಲೋರೋಸಿಸ್ ಎಂದು ಹೆಸರು. ಕಾರಣ ಬೋರ್‌ವೆಲ್ ನೀರಿನ ಫ್ಲೋರೈಡ್ ಎಂದು ಬಹಳ ಜನರಿಗೆ ಗೊತ್ತು. ಆದರೆ ಫ್ಲೋರೈಡ್ ಒಳಗೆ ಹೋಗಿ ಮಾಡುವುದೇನು? ಅದನ್ನು ಜೀವಕೋಶದ ಮಟ್ಟದಲ್ಲಿ ಬಿಡಿಸಿ ನೋಡಿದ ಸಂಶೋಧನೆಗಳು ಕಳೆದ ಇಪ್ಪತ್ತು ವರ್ಷಗಳಲ್ಲಿ ಬಂದಿವೆ. ಅದನ್ನು ತಿಳಿದುಕೊಂಡರೆ ಮನೆಯಲ್ಲಿ ಯಾವ ನೀರು ಯಾರಿಗೆ ಎಂಬ ಲೆಕ್ಕವೇ ಬದಲಾಗುತ್ತದೆ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಮೊದಲು ನೀರಿನ ವಿಷಯ. ಹಂಪಿ, ಆನೆಗೊಂದಿ, ಕೊಪ್ಪಳದ ಸುತ್ತ ನಿಂತಿರುವ ಬಂಡೆಗಳು ಸುಮಾರು 250 ಕೋಟಿ ವರ್ಷ ಹಳೆಯ ಗ್ರಾನೈಟ್. ಇದರೊಳಗಿನ ಕೆಲವು ಖನಿಜಗಳಲ್ಲಿ ಫ್ಲೋರಿನ್ ಇದೆ. ಮಳೆ ನೀರು ಬಂಡೆಯ ಬಿರುಕಿಗೆ ಇಳಿದು ವರ್ಷಗಟ್ಟಲೆ ನಿಂತರೆ ಅದು ಫ್ಲೋರೈಡ್ ಆಗಿ ಮೆಲ್ಲಗೆ ನೀರಿನಲ್ಲಿ ಕರಗುತ್ತದೆ. ನೀರಿನಲ್ಲಿ ಕ್ಯಾಲ್ಸಿಯಂ ಜಾಸ್ತಿ ಇದ್ದರೆ ಫ್ಲೋರೈಡನ್ನು ಅದು ಹಿಡಿದುಕೊಳ್ಳುತ್ತದೆ, ನೀರಿನಲ್ಲಿ ಉಳಿಯುವುದು ಕಡಿಮೆ. ಸೋಡಿಯಂ, ಬೈಕಾರ್ಬೊನೇಟ್ ಜಾಸ್ತಿ ಇದ್ದು ಕ್ಯಾಲ್ಸಿಯಂ ಕಡಿಮೆ ಇದ್ದರೆ ಫ್ಲೋರೈಡ್ ಏರುತ್ತದೆ. ತುಂಗಭದ್ರೆಯ ಹರಿಯುವ ನೀರಿಗೆ ಬಂಡೆಯ ಜೊತೆ ಅಷ್ಟು ಹೊತ್ತು ನಿಲ್ಲುವ ಪುರುಸೊತ್ತಿಲ್ಲ. ಹಾಗಾಗಿ ಕಾಲುವೆ ನೀರು ಕುಡಿಯುವ ಊರಿಗೂ ಬೋರ್ ನೀರು ಕುಡಿಯುವ ಊರಿಗೂ ಇಷ್ಟು ಫರಕು. ಫ್ಲೋರೈಡ್‌ಗೆ ರುಚಿ ಇಲ್ಲ, ಬಣ್ಣ ಇಲ್ಲ, ವಾಸನೆ ಇಲ್ಲ. ಸವಳು ನೀರಾದರೆ ನಾಲಿಗೆಯೇ ಹೇಳುತ್ತದೆ. ಇದನ್ನು ನಾಲಿಗೆ ಹಿಡಿಯುವುದಿಲ್ಲ.

ಪರೀಕ್ಷೆಯ ಕಿಟ್ ಹಿಡಿಯುತ್ತದೆ. ತರಗತಿಯಲ್ಲಿ ಒಮ್ಮೆ ಮಾಡಿ ತೋರಿಸಿದೆ. ಸಣ್ಣ ಗಾಜಿನ ಬಾಟಲಿಗೆ ಬೋರ್ ನೀರು ಹಾಕಿ, ಕಿಟ್ಟಿನಲ್ಲಿರುವ ಗುಲಾಬಿ ಬಣ್ಣದ ದ್ರಾವಣದ ಹನಿಗಳನ್ನು ಬಿಟ್ಟೆ. ನೋಡನೋಡುತ್ತಲೇ ಗುಲಾಬಿ ಕರಗಿ ಹಳದಿಗೆ ತಿರುಗಿತು. ಪಕ್ಕದ ಬಾಟಲಿಯಲ್ಲಿ ಶುದ್ಧ ನೀರಿನ ಘಟಕದ ನೀರು. ಅದು ಗುಲಾಬಿಯಾಗಿಯೇ ಉಳಿಯಿತು. ಇದರ ಒಳಗುಟ್ಟು ಸರಳ. ಆ ಬಣ್ಣ ಜಿರ್ಕೋನಿಯಂ ಎಂಬ ಲೋಹವನ್ನು ಹಿಡಿದುಕೊಂಡಾಗ ಗುಲಾಬಿ. ಫ್ಲೋರೈಡ್ ಬಂದು ಲೋಹವನ್ನು ಕಿತ್ತುಕೊಂಡರೆ ಬಣ್ಣ ಒಂಟಿಯಾಗುತ್ತದೆ, ಹಳದಿಯಾಗುತ್ತದೆ.

ಈ ಕಿತ್ತುಕೊಳ್ಳುವ ಗುಣವನ್ನು ನೆನಪಿಡಿ. ಫ್ಲೋರೈಡ್ ತೀರಾ ಸಣ್ಣದು, ಆದರೆ ಲೋಹದ ಅಯಾನು ಕಂಡರೆ ಬಿಡುವುದಿಲ್ಲ. ನಮ್ಮ ಜೀವಕೋಶದ ರಾಸಾಯನಿಕ ಕೆಲಸ ನಡೆಸುವ ಪ್ರೋಟೀನುಗಳಿಗೆ ಕಿಣ್ವ ಎಂದು ಹೆಸರು. ಎಷ್ಟೋ ಕಿಣ್ವಗಳು ಮೆಗ್ನೀಷಿಯಂ, ಕ್ಯಾಲ್ಸಿಯಂ ಇಲ್ಲದೆ ಕೆಲಸ ಮಾಡುವುದಿಲ್ಲ. ಲ್ಯಾಬಿನಲ್ಲಿ ಶುಗರ್ ಟೆಸ್ಟ್‌ಗೆ ರಕ್ತ ಕೊಟ್ಟಿದ್ದೀರಾ? ಬೂದು ಬಣ್ಣದ ಮುಚ್ಚಳದ ಟ್ಯೂಬಿಗೆ ಹಾಕುತ್ತಾರೆ. ಅದರೊಳಗೆ ಸೋಡಿಯಂ ಫ್ಲೋರೈಡ್ ಇರುತ್ತದೆ. ರಕ್ತ ಹೊರಗೆ ಬಂದ ಮೇಲೂ ಅದರ ಜೀವಕೋಶಗಳು ಸಕ್ಕರೆ ತಿನ್ನುತ್ತಲೇ ಇರುತ್ತವೆ. ಫ್ಲೋರೈಡ್ ಎನೊಲೇಸ್ ಎಂಬ ಕಿಣ್ವವನ್ನು ಮೆಗ್ನೀಷಿಯಂ ಸಮೇತ ಕಟ್ಟಿಹಾಕಿ ಆ ಕೆಲಸ ನಿಲ್ಲಿಸುತ್ತದೆ. ಆ ಟ್ಯೂಬಿನಲ್ಲಿರುವ ಪ್ರಮಾಣ ಬಹಳ ಹೆಚ್ಚು, ಕುಡಿಯುವ ನೀರಿಗೆ ಹೋಲಿಸುವಂತಿಲ್ಲ. ಆದರೂ ಫ್ಲೋರೈಡ್ ಜೀವಕೋಶದ ಯಂತ್ರಕ್ಕೆ ಕೈ ಹಾಕಬಲ್ಲದು ಅನ್ನುವುದಕ್ಕೆ ಇದಕ್ಕಿಂತ ಹತ್ತಿರದ ಉದಾಹರಣೆ ನನಗೆ ಸಿಕ್ಕಿಲ್ಲ.

ಇನ್ನು ಅದು ಜೀವಕೋಶದೊಳಗೆ ನುಗ್ಗುವುದು ಹೇಗೆ? ಜೀವಕೋಶದ ಸುತ್ತ ಎಣ್ಣೆಯಂಥ ಪೊರೆ ಇದೆ. ಚಾರ್ಜ್ ಇರುವ ಕಣಗಳಿಗೆ ಅದನ್ನು ದಾಟುವುದು ಕಷ್ಟ. ಫ್ಲೋರೈಡ್‌ಗೆ ಚಾರ್ಜ್ ಇದೆ, ಹಾಗಾಗಿ ಅದೂ ಹೊರಗೇ ನಿಲ್ಲಬೇಕು. ಆದರೆ ಹುಳಿ ಇರುವ ಜಾಗದಲ್ಲಿ, ಅಂದರೆ ಆಮ್ಲದಲ್ಲಿ, ಅದು ಹೈಡ್ರೋಜನ್ ಜೊತೆ ಕೂಡಿ ಹೈಡ್ರೋಜನ್ ಫ್ಲೋರೈಡ್ ಆಗುತ್ತದೆ. ಚಾರ್ಜ್ ಹೋಯಿತು, ಪೊರೆ ದಾಟುವುದು ಸಲೀಸಾಯಿತು. ಒಳಗೆ ಹುಳಿ ಕಡಿಮೆ. ಅಲ್ಲಿ ಹೈಡ್ರೋಜನ್ ಬಿಟ್ಟು ಮತ್ತೆ ಫ್ಲೋರೈಡ್ ಆಗುತ್ತದೆ. ಈಗ ಬಂದ ದಾರಿಯಲ್ಲಿ ವಾಪಸ್ ಹೋಗಲಾರದು. ಹೊಟ್ಟೆಯಲ್ಲಿ ಆಮ್ಲ ಇರುವುದರಿಂದ ಕುಡಿದ ನೀರಿನ ಫ್ಲೋರೈಡ್ ಅಲ್ಲಿಂದಲೇ ರಕ್ತಕ್ಕೆ ಸೇರಲು ಶುರು. ಒಂದು ಗಂಟೆಯೊಳಗೆ ರಕ್ತದಲ್ಲಿ ಅದರ ಪ್ರಮಾಣ ಏರಿ ನಿಂತಿರುತ್ತದೆ.

ಬ್ಯಾಕ್ಟೀರಿಯಾಗಳಿಗೆ ಇದಕ್ಕೆ ಉಪಾಯ ಇದೆ. 2012ರಲ್ಲಿ ಅಮೆರಿಕದ ಯೇಲ್ ವಿಶ್ವವಿದ್ಯಾಲಯದ ರೊನಾಲ್ಡ್ ಬ್ರೇಕರ್ ಅವರ ತಂಡ, ಬ್ಯಾಕ್ಟೀರಿಯಾಗಳಲ್ಲಿ ಫ್ಲೋರೈಡನ್ನು ಗುರುತು ಹಿಡಿಯುವ ಆರ್‌ಎನ್‌ಎ ಸ್ವಿಚ್ ಇದೆ ಎಂದು ತೋರಿಸಿತು. ಒಳಗೆ ಫ್ಲೋರೈಡ್ ಜಾಸ್ತಿಯಾದರೆ ಸ್ವಿಚ್ ಒತ್ತಿಕೊಳ್ಳುತ್ತದೆ, ಅದನ್ನು ಹೊರಗೆ ಬಿಡುವ ಬಾಗಿಲು ತಯಾರಾಗುತ್ತದೆ. ಯೀಸ್ಟಿನಲ್ಲೂ ಇಂಥ ಬಾಗಿಲು ಸಿಕ್ಕಿದೆ. ಮನುಷ್ಯರ ಜೀವಕೋಶದಲ್ಲಿ ಇಂಥದ್ದು ಈತನಕ ಕಂಡುಬಂದಿಲ್ಲ. ನಾವು ಮೂತ್ರಪಿಂಡವನ್ನೇ ನಂಬಬೇಕು. ದೊಡ್ಡವರಲ್ಲಿ ರಕ್ತಕ್ಕೆ ಸೇರಿದ ಫ್ಲೋರೈಡಿನ ಸುಮಾರು ಅರ್ಧ ಮೂತ್ರದಲ್ಲಿ ಹೋಗುತ್ತದೆ. ಬೆಳೆಯುವ ಮಕ್ಕಳಲ್ಲಿ ಹೊರಗೆ ಹೋಗುವುದು ಕಡಿಮೆ, ಒಳಗೆ ಉಳಿಯುವುದೇ ಜಾಸ್ತಿ. ಉಳಿದದ್ದರಲ್ಲಿ ನೂರಕ್ಕೆ 99 ಪಾಲು ಮೂಳೆ ಮತ್ತು ಹಲ್ಲಿಗೆ ಸೇರುತ್ತದೆ, ಯಾಕೆಂದರೆ ಕ್ಯಾಲ್ಸಿಯಂ ಇರುವುದು ಅಲ್ಲಿ.

ಈಗ ಹಲ್ಲಿಗೆ ಬರೋಣ. ಹಲ್ಲಿನ ಹೊರಗಿನ ಗಟ್ಟಿ ಪದರ ಎನಾಮಲ್. ನಮ್ಮ ದೇಹದಲ್ಲಿ ಇದಕ್ಕಿಂತ ಗಟ್ಟಿ ವಸ್ತು ಇನ್ನೊಂದಿಲ್ಲ. ಇದನ್ನು ಕಟ್ಟುವ ಮೇಸ್ತ್ರಿಗಳು ಅಮೆಲೋಬ್ಲಾಸ್ಟ್ ಎಂಬ ಜೀವಕೋಶಗಳು. ದಿನಕ್ಕೆ ಸುಮಾರು 4 ಮೈಕ್ರೋಮೀಟರ್ ಕಟ್ಟುತ್ತವೆ. ಒಂದು ಕೂದಲೆಳೆಯಷ್ಟು ದಪ್ಪ ಆಗಬೇಕಾದರೂ ಎರಡು ಮೂರು ವಾರ ಬೇಕು. ಸ್ಲ್ಯಾಬ್ ಹಾಕುವಾಗ ಮೊದಲು ಸೆಂಟ್ರಿಂಗ್ ಹೊಡೆಯುತ್ತಾರಲ್ಲ, ಹಾಗೆ ಇವು ಮೊದಲು ಪ್ರೋಟೀನಿನ ಹಂದರ ಹಾಕುತ್ತವೆ. ಅದರೊಳಗೆ ಕ್ಯಾಲ್ಸಿಯಂ, ಫಾಸ್ಫೇಟಿನ ತೆಳ್ಳಗಿನ ಹರಳುಗಳು ಎದ್ದು ನಿಲ್ಲುತ್ತವೆ. ಆಮೇಲೆ ಎರಡನೇ ಹಂತ. ಹಂದರ ಬಿಚ್ಚಬೇಕು. ಕೆಎಲ್‌ಕೆ4 ಎಂಬ ಕಿಣ್ವ ಬಂದು ಪ್ರೋಟೀನನ್ನು ತುಂಡು ತುಂಡು ಮಾಡುತ್ತದೆ. ಜಾಗ ಖಾಲಿಯಾದ ಹಾಗೆ ಹರಳುಗಳು ದಪ್ಪಗಾಗಿ ಒಂದಕ್ಕೊಂದು ಒತ್ತಿಕೊಳ್ಳುತ್ತವೆ. ಕೊನೆಗೆ ಎನಾಮಲ್ಲಿನ ತೂಕದಲ್ಲಿ 96 ಪಾಲು ಬರೀ ಖನಿಜ. ಸೆಂಟ್ರಿಂಗ್ ಹಲಗೆಗಳು ಕಾಂಕ್ರೀಟಿನ ಒಳಗೇ ಉಳಿದುಬಿಟ್ಟರೆ ಸ್ಲ್ಯಾಬ್ ಏನಾಗುತ್ತದೆ? ಫ್ಲೋರೋಸಿಸ್ ಆದ ಹಲ್ಲಿನಲ್ಲಿ ಆಗಿರುವುದು ಅದೇ. ಪ್ರೋಟೀನ್ ಪೂರ್ತಿ ಹೋಗಿಲ್ಲ, ಹರಳು ಪೂರ್ತಿ ತುಂಬಿಲ್ಲ. ಮೇಲ್ಮೈ ಗಟ್ಟಿಯಾಗಿದ್ದರೂ ಅದರ ಕೆಳಗೆ ಸಣ್ಣ ಸಣ್ಣ ತೂತು.

ಹಂದರ ಯಾಕೆ ಬಿಚ್ಚಲಿಲ್ಲ? ಇಲ್ಲಿಯೇ ಹೊಸ ಸಂಶೋಧನೆ ಬರುವುದು. 2005ರಿಂದೀಚೆಗೆ ಅಮೆರಿಕದ ಫೋರ್ಸಿತ್ ಸಂಸ್ಥೆಯಲ್ಲಿ ಜಾನ್ ಬಾರ್ಟ್ಲೆಟ್ ಅವರ ತಂಡ ಅಮೆಲೋಬ್ಲಾಸ್ಟ್‌ಗಳಿಗೆ ಫ್ಲೋರೈಡ್ ಕೊಟ್ಟು ನೋಡಿತು. ಜೀವಕೋಶದಲ್ಲಿ ಎಂಡೋಪ್ಲಾಸ್ಮಿಕ್ ರೆಟಿಕ್ಯುಲಮ್ ಎಂಬ ಜಾಗ ಇದೆ. ಹೊರಗೆ ಕಳಿಸುವ ಪ್ರೋಟೀನುಗಳನ್ನು ಸರಿಯಾದ ಆಕಾರಕ್ಕೆ ಮಡಚುವುದು ಅಲ್ಲಿ. ಫ್ಲೋರೈಡ್ ಬಂದಾಗ ಮಡಚುವ ಕೆಲಸ ಕೆಡುತ್ತದೆ, ಅರೆಬರೆ ಮಡಚಿದ ಪ್ರೋಟೀನುಗಳ ರಾಶಿ ಬೀಳುತ್ತದೆ. ಆಗ ಜೀವಕೋಶ ಒಂದು ಎಚ್ಚರಿಕೆಯ ಗಂಟೆ ಬಾರಿಸುತ್ತದೆ: ಹೊಸ ಪ್ರೋಟೀನ್ ಮಾಡುವುದು ನಿಧಾನ ಮಾಡಿ, ಮೊದಲು ಇರುವುದನ್ನು ಚೊಕ್ಕ ಮಾಡಿ. ತನ್ನ ಜೀವ ಉಳಿಸಿಕೊಳ್ಳಲು ಅದು ಮಾಡುವ ಕೆಲಸ ಇದು. ಆದರೆ ಆ ಹೊತ್ತಿನಲ್ಲಿ ಕೆಎಲ್‌ಕೆ4 ಕೂಡ ಕಡಿಮೆಯಾಗುತ್ತದೆ. ಹಂದರ ಬಿಚ್ಚುವವರೇ ಕೆಲಸಕ್ಕೆ ಬರದ ಹಾಗೆ.

ಇನ್ನೊಂದು ವಿಷಯ ಇದೆ, ನನಗೆ ಇದು ತುಂಬಾ ಮುಖ್ಯ ಅನ್ನಿಸುತ್ತದೆ. ಹರಳು ಬೆಳೆಯುವಾಗ ಆಮ್ಲ ಹುಟ್ಟುತ್ತದೆ. ಎರಡನೇ ಹಂತದಲ್ಲಿ ಅಮೆಲೋಬ್ಲಾಸ್ಟ್‌ನ ಕಾಲಡಿಯಲ್ಲಿ ಪಿಎಚ್ (ಹುಳಿಯ ಅಳತೆ, ಇಳಿದಷ್ಟೂ ಹುಳಿ ಜಾಸ್ತಿ) 6ಕ್ಕಿಂತ ಕೆಳಗೆ ಇಳಿಯುತ್ತದೆ. ಹುಳಿಯಲ್ಲಿ ಫ್ಲೋರೈಡ್ ಪೊರೆ ದಾಟುವ ಉಪಾಯ ಮೇಲೆ ಹೇಳಿದೆನಲ್ಲ, ಅದು ಇಲ್ಲಿ ಮತ್ತೆ ನಡೆಯುತ್ತದೆ. ಕಡಿಮೆ ಫ್ಲೋರೈಡ್ ಇದ್ದರೂ ಹುಳಿ ಜಾಗದಲ್ಲಿ ಜೀವಕೋಶಕ್ಕೆ ತೊಂದರೆ ಜಾಸ್ತಿ ಎಂದು ಇದೇ ತಂಡ ತೋರಿಸಿತು. ದೇಹದಲ್ಲಿ ಲಕ್ಷ ಬಗೆಯ ಕೆಲಸ ನಡೆಯುತ್ತಿರುವಾಗ ಹಲ್ಲು ಕಟ್ಟುವ ಜೀವಕೋಶಕ್ಕೇ ಪೆಟ್ಟು ಮೊದಲು ಬೀಳುವುದು ಯಾಕೆ ಎಂಬುದಕ್ಕೆ ಇದು ಒಂದು ಉತ್ತರ.

2020ರಲ್ಲಿ ನ್ಯೂಯಾರ್ಕ್ ವಿಶ್ವವಿದ್ಯಾಲಯದ ರೊಡ್ರಿಗೊ ಲಾಕ್ರೂಜ್ ಮತ್ತು ಸಂಗಡಿಗರು ಇನ್ನೊಂದು ಉತ್ತರ ಕೊಟ್ಟರು. ಎನಾಮಲ್ ಜೀವಕೋಶ ಕ್ಯಾಲ್ಸಿಯಂ ಅನ್ನು ಒಳಗೆ ಎಳೆದು, ಕೂಡಿಟ್ಟು, ಹರಳಿಗೆ ಕೊಡಬೇಕು. ಫ್ಲೋರೈಡ್ ಕೊಟ್ಟಾಗ ಒಳಗೆ ಕೂಡಿಟ್ಟ ಕ್ಯಾಲ್ಸಿಯಂ ಕಡಿಮೆಯಾಯಿತು, ಹೊರಗಿನಿಂದ ಎಳೆದುಕೊಳ್ಳುವುದೂ ತಗ್ಗಿತು. ಶಕ್ತಿ ತಯಾರಿಸುವ ಮೈಟೊಕಾಂಡ್ರಿಯಗಳ ಕೆಲಸವೂ ಏರುಪೇರಾಯಿತು. ಅದೇ ಪ್ರಯೋಗವನ್ನು ಮೂತ್ರಪಿಂಡದ ಒಂದು ಬಗೆಯ ಜೀವಕೋಶದ ಮೇಲೆ ಮಾಡಿದಾಗ ಇಂಥ ಬದಲಾವಣೆ ಕಾಣಲಿಲ್ಲ. ಇವೆಲ್ಲ ಹೆಚ್ಚಾಗಿ ಇಲಿಗಳ ಮೇಲೆ, ಗಾಜಿನ ತಟ್ಟೆಯಲ್ಲಿ ಬೆಳೆಸಿದ ಜೀವಕೋಶಗಳ ಮೇಲೆ ಮಾಡಿದ ಪ್ರಯೋಗಗಳು. ಕೊಟ್ಟ ಪ್ರಮಾಣವೂ ನಮ್ಮ ನೀರಿಗಿಂತ ಜಾಸ್ತಿ. ಹಾಗಾಗಿ ಅಂಕಿಯನ್ನು ನೇರವಾಗಿ ನಮ್ಮ ಕೊಡಕ್ಕೆ ತರಬಾರದು. ದಾರಿ ಯಾವುದು ಎಂದು ತಿಳಿಯಲು ಸಾಕು.

ಇನ್ನೊಂದು ಪ್ರಶ್ನೆಯನ್ನು ತಾಯಂದಿರು ಕೇಳುತ್ತಾರೆ. ಒಂದೇ ಮನೆ, ಒಂದೇ ಕೊಡ, ಆದರೆ ದೊಡ್ಡವನಿಗೆ ಜಾಸ್ತಿ, ಸಣ್ಣವನಿಗೆ ಕಡಿಮೆ ಯಾಕೆ? 2002ರಲ್ಲಿ ಒಂದೇ ಪ್ರಮಾಣದ ಫ್ಲೋರೈಡ್ ನೀರನ್ನು ಬೇರೆ ಬೇರೆ ತಳಿಯ ಇಲಿಗಳಿಗೆ ಕುಡಿಸಿ ನೋಡಿದ್ದರು. ಒಂದು ತಳಿಯ ಹಲ್ಲು ಬೇಗ ಕೆಟ್ಟಿತು, ಇನ್ನೊಂದರ ಹಲ್ಲು ಹೆಚ್ಚುಕಡಿಮೆ ತಡೆದುಕೊಂಡಿತು. ಅಂದರೆ ಜೀನ್‌ಗಳ ಪಾತ್ರವೂ ಇದೆ.

ಇನ್ನು ಸಮಯ. ಬಾಯಿಯ ಮುಂದಿನ ಶಾಶ್ವತ ಹಲ್ಲುಗಳು ಹೊರಗೆ ಬರುವುದು ಆರರಿಂದ ಎಂಟನೇ ವಯಸ್ಸಿಗೆ. ಆದರೆ ಅವುಗಳ ಎನಾಮಲ್ ಕಟ್ಟಲು ಶುರುವಾಗುವುದು ಮಗು ಮೂರು ನಾಲ್ಕು ತಿಂಗಳಿದ್ದಾಗ. ನಾಲ್ಕೈದು ವರ್ಷಕ್ಕೆ ಮುಗಿದಿರುತ್ತದೆ. ಮೇಲಿನ ಎರಡು ಮುಂದಿನ ಹಲ್ಲುಗಳಿಗೆ ಅತಿ ನಾಜೂಕಾದ ಕಾಲ ಸುಮಾರು 15ರಿಂದ 30 ತಿಂಗಳ ನಡುವೆ. ಒಳಗಿನ ಹಲ್ಲುಗಳನ್ನೂ ಸೇರಿಸಿದರೆ ಎಂಟು ವರ್ಷದವರೆಗೆ ಎಂದು ಇಟ್ಟುಕೊಳ್ಳಿ. ಹಲ್ಲು ಹೊರಗೆ ಬರುವ ಹೊತ್ತಿಗೆ ಅಮೆಲೋಬ್ಲಾಸ್ಟ್‌ಗಳು ಸತ್ತು ಹೋಗಿರುತ್ತವೆ. ರಿಪೇರಿ ಮಾಡಲು ಯಾರೂ ಉಳಿದಿರುವುದಿಲ್ಲ. ಹೊರಗೆ ಬಂದಾಗ ಆ ಹಲ್ಲು ಕಂದು ಇರುವುದಿಲ್ಲ, ಸುಣ್ಣದ ಬಿಳಿ ಇರುತ್ತದೆ. ಆ ಸಣ್ಣ ತೂತುಗಳಿಗೆ ಚಹಾ, ಊಟ, ನೀರಿನೊಳಗಿನ ಬಣ್ಣ ಇಳಿದು ಬರಬರುತ್ತ ಕಂದಾಗುತ್ತದೆ. ಕೆಲವರಲ್ಲಿ ಮೇಲ್ಮೈ ಪುಡಿಯಾಗಿ ಗುಳಿ ಬೀಳುತ್ತದೆ. ತೊಳೆದರೆ ಹೋಗುವುದಿಲ್ಲ ಯಾಕೆಂದರೆ ಬಣ್ಣ ಹಲ್ಲಿನ ಮೇಲೆ ಇಲ್ಲ, ಹಲ್ಲಿನ ಒಳಗೆ ಇದೆ.

ನಮ್ಮೂರಿನ ಒಂದು ಮನೆಯಲ್ಲಿ ಇಬ್ಬರು ಸೊಸೆಯರು. ಒಬ್ಬಳು ಸಿಂಧನೂರು ಕಡೆ ಕಾಲುವೆ ನೀರು ಕುಡಿದು ಬೆಳೆದವಳು. ಇನ್ನೊಬ್ಬಳು ಇದೇ ಊರಿನವಳು. ಹತ್ತು ವರ್ಷದಿಂದ ಇಬ್ಬರದೂ ಒಂದೇ ಕೊಡದ ನೀರು. ಒಬ್ಬಳ ಹಲ್ಲು ಬೆಳ್ಳಗೆ, ಇನ್ನೊಬ್ಬಳದು ಕಂದು. ಬಾಲ್ಯ ಎಲ್ಲಿ ಕಳೆಯಿತು ಅನ್ನುವುದನ್ನು ಹಲ್ಲು ಬರೆದಿಟ್ಟುಕೊಂಡಿದೆ.

ಆದರೆ ಬೆಳ್ಳಗಿನ ಹಲ್ಲಿನ ಸೊಸೆ ಪಾರಾದಳು ಅಂದುಕೊಳ್ಳಬೇಡಿ. ಮೂಳೆ ಬೇರೆ ಥರ. ಅಲ್ಲಿ ಕಟ್ಟುವ ಆಸ್ಟಿಯೋಬ್ಲಾಸ್ಟ್ ಮತ್ತು ಒಡೆಯುವ ಆಸ್ಟಿಯೋಕ್ಲಾಸ್ಟ್ ಬದುಕಿನುದ್ದಕ್ಕೂ ಕೆಲಸ ಮಾಡುತ್ತವೆ. ವರ್ಷಕ್ಕೆ ನಮ್ಮ ಅಸ್ಥಿಪಂಜರದ ಸುಮಾರು ಹತ್ತನೇ ಒಂದು ಪಾಲು ಹೊಸದಾಗುತ್ತದೆ. ಹೊಸದಾಗಿ ಕಟ್ಟುವಾಗಲೆಲ್ಲ ಫ್ಲೋರೈಡ್ ಹರಳಿನೊಳಗೆ ಸೇರುತ್ತದೆ. ಸಾಲದ್ದಕ್ಕೆ ಅದು ಆಸ್ಟಿಯೋಬ್ಲಾಸ್ಟ್‌ಗಳನ್ನು ಕೆಣಕಿ ಜಾಸ್ತಿ ಮೂಳೆ ಕಟ್ಟಿಸುತ್ತದೆ. ಜಾಸ್ತಿ ಮೂಳೆ ಅಂದರೆ ಒಳ್ಳೆಯದಲ್ವಾ? ವೈದ್ಯರೂ ಒಂದು ಕಾಲದಲ್ಲಿ ಹಾಗೇ ಅಂದುಕೊಂಡಿದ್ದರು. ಅಮೆರಿಕದಲ್ಲಿ ಮೂಳೆ ಸವೆದ 202 ಮಹಿಳೆಯರ ಮೇಲೆ ನಾಲ್ಕು ವರ್ಷ ಪ್ರಯೋಗ ಮಾಡಿದರು. ಒಂದು ಗುಂಪಿಗೆ ದಿನಕ್ಕೆ 75 ಮಿಲಿಗ್ರಾಂ ಸೋಡಿಯಂ ಫ್ಲೋರೈಡ್ ಮಾತ್ರೆ. 1990ರಲ್ಲಿ ಫಲಿತಾಂಶ ಬಂತು. ಬೆನ್ನೆಲುಬಿನ ಸಾಂದ್ರತೆ ಶೇಕಡಾ 35 ಏರಿತ್ತು. ಆದರೆ ಬೆನ್ನೆಲುಬು ಮುರಿಯುವುದು ಹೇಳಿಕೊಳ್ಳುವಷ್ಟು ಕಡಿಮೆಯಾಗಲಿಲ್ಲ. ಕೈ, ಕಾಲು, ಸೊಂಟದಂಥ ಬೇರೆ ಮೂಳೆಗಳು ಮುರಿದದ್ದು ಮಾತ್ರೆ ತಿನ್ನದವರಿಗಿಂತ ಮೂರು ಪಟ್ಟು. ಎಕ್ಸ್‌ರೇಯಲ್ಲಿ ದಟ್ಟವಾಗಿ ಕಾಣುವ ಮೂಳೆ ಗಟ್ಟಿ ಮೂಳೆಯೇ ಆಗಬೇಕೆಂದಿಲ್ಲ.

ನಮ್ಮ ಕಡೆಯ ಹಿರಿಯರಲ್ಲಿ ಇದು ಸೊಂಟ, ಕುತ್ತಿಗೆ ಬಿಗಿಯಾಗುವುದರಿಂದ ಶುರುವಾಗುತ್ತದೆ. ವಯಸ್ಸಾಯ್ತು, ವಾಯು ಅಂತ ಬಿಟ್ಟುಬಿಡುತ್ತಾರೆ. ಬರಬರುತ್ತ ಮೂಳೆಗಳನ್ನು ಜೋಡಿಸುವ ಪಟ್ಟಿಗಳಲ್ಲೂ ಸುಣ್ಣ ಕೂರುತ್ತದೆ. ಮುಂಗೈಯ ಎರಡು ಮೂಳೆಗಳ ನಡುವಿನ ಪೊರೆ ಗಟ್ಟಿಯಾಗಿರುವುದು ಎಕ್ಸ್‌ರೇಯಲ್ಲಿ ಕಂಡರೆ ವೈದ್ಯರಿಗೆ ಅನುಮಾನ ಗಟ್ಟಿಯಾಗುತ್ತದೆ. ಭಾರತದಲ್ಲಿ ಈ ಮೂಳೆಯ ಕಾಯಿಲೆಯನ್ನು ಗುರುತಿಸಿ ವರದಿ ಮಾಡಿದ್ದು 1937ರಲ್ಲಿ, ಮದ್ರಾಸ್ ಪ್ರಾಂತ್ಯದ ನೆಲ್ಲೂರು ಜಿಲ್ಲೆಯಲ್ಲಿ. ಆಗ ನಮ್ಮ ಬಳ್ಳಾರಿಯೂ ಅದೇ ಪ್ರಾಂತ್ಯದಲ್ಲಿತ್ತು.

ಈಗ ಬಿಸಿಲಿನ ಲೆಕ್ಕ. ಭಾರತೀಯ ಮಾನಕದ ಪ್ರಕಾರ ಕುಡಿಯುವ ನೀರಿನಲ್ಲಿ ಲೀಟರಿಗೆ 1 ಮಿಲಿಗ್ರಾಂ ಫ್ಲೋರೈಡ್ ಇರಬಹುದು. ಬೇರೆ ನೀರೇ ಇಲ್ಲದಿದ್ದರೆ 1.5ರವರೆಗೆ. ಆದರೆ ಜೀವಕೋಶಕ್ಕೆ ಗೊತ್ತಾಗುವುದು ಲೀಟರಿನ ಲೆಕ್ಕ ಅಲ್ಲ, ದಿನಕ್ಕೆ ಒಟ್ಟು ಎಷ್ಟು ಒಳಗೆ ಹೋಯಿತು ಅನ್ನುವುದು. ರಾಯಚೂರಿನ ಬೇಸಿಗೆಯಲ್ಲಿ ಹೊಲದಲ್ಲಿ ದುಡಿಯುವವರು ಐದು ಲೀಟರ್ ಸುಮ್ನೆ ಕುಡಿಯುತ್ತಾರೆ. ನೀರಿನಲ್ಲಿ 3 ಮಿಲಿಗ್ರಾಂ ಇದ್ದರೆ ದಿನಕ್ಕೆ 15 ಮಿಲಿಗ್ರಾಂ ಆಯಿತು. ದಿನಕ್ಕೆ 14 ದಾಟಿದರೆ ಮೂಳೆಗೆ ಹಾನಿ ಸ್ಪಷ್ಟ, 6 ದಾಟಿದರೂ ಅಪಾಯದ ಸುಳಿವು ಇದೆ ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳಿದೆ. 1962ರಲ್ಲೇ ಅಮೆರಿಕದವರು ಇದನ್ನು ಲೆಕ್ಕಕ್ಕೆ ತೆಗೆದುಕೊಂಡಿದ್ದರು. ಸೆಕೆ ಜಾಸ್ತಿ ಇರುವ ಊರಿಗೆ ಲೀಟರಿಗೆ 0.7, ಚಳಿ ಇರುವ ಊರಿಗೆ 1.2 ಎಂದು ಬೇರೆ ಬೇರೆ ಮಟ್ಟ ಇಟ್ಟಿದ್ದರು. ನಲವತ್ತು ಡಿಗ್ರಿ ದಾಟುವ ನಮ್ಮ ಊರುಗಳಿಗೂ ಹೀಗೆ ಬೇರೆ ಲೆಕ್ಕ ಬೇಕು ಎಂದು ನಾನು ಗಟ್ಟಿಯಾಗಿ ನಂಬುತ್ತೇನೆ.

ಹಾಗಾದರೆ ಟೂತ್‌ಪೇಸ್ಟಿನಲ್ಲಿ ಫ್ಲೋರೈಡ್ ಯಾಕೆ ಎಂದು ಮಕ್ಕಳು ಕೇಳುತ್ತಾರೆ. ಪೇಸ್ಟು ಕೆಲಸ ಮಾಡುವುದು ಹೊರಗೆ ಬಂದ ಹಲ್ಲಿನ ಮೇಲ್ಮೈಯಲ್ಲಿ. ಅಲ್ಲಿ ಜೀವಕೋಶಗಳೇ ಇಲ್ಲ, ಕೆಡುವುದಕ್ಕೆ ಯಾರೂ ಇಲ್ಲ. ಸ್ವಲ್ಪ ಫ್ಲೋರೈಡ್ ಹರಳಿಗೆ ಅಂಟಿ ಹುಳುಕು ತಡೆಯುತ್ತದೆ. ನುಂಗಿದರೆ ಮಾತ್ರ ಅದು ರಕ್ತದ ದಾರಿ ಹಿಡಿಯುತ್ತದೆ. ಸಣ್ಣ ಮಕ್ಕಳಿಗೆ ಬಟಾಣಿ ಕಾಳಿಗಿಂತ ಜಾಸ್ತಿ ಪೇಸ್ಟ್ ಬೇಡ, ಉಗುಳಿಸಿ.

ನೀರು ಕುದಿಸಿದರೆ ಫ್ಲೋರೈಡ್ ಹೋಗುವುದಿಲ್ಲ. ನೀರು ಆವಿಯಾಗುತ್ತದೆ, ಅದು ಉಳಿಯುತ್ತದೆ, ಅಂದರೆ ಇನ್ನೂ ದಟ್ಟವಾಗುತ್ತದೆ. ಬಟ್ಟೆಯಲ್ಲಿ ಸೋಸಿದರೂ ಅಷ್ಟೇ. ಆರ್‌ಒ ಘಟಕದ ನೀರು, ನದಿಯ ನೀರು, ಶೇಖರಿಸಿದ ಮಳೆ ನೀರು ಸರಿ. ಆಲಂ ಮತ್ತು ಸುಣ್ಣ ಹಾಕಿ ತಿಳಿಗೊಳಿಸುವ ನಲ್ಗೊಂಡ ವಿಧಾನವೂ ಇದೆ, ಅಳತೆ ತಪ್ಪದೆ ಮಾಡಬೇಕು. ಊಟದಲ್ಲಿ ಕ್ಯಾಲ್ಸಿಯಂ ಇದ್ದರೆ ಅದು ಹೊಟ್ಟೆಯಲ್ಲೇ ಫ್ಲೋರೈಡನ್ನು ಸ್ವಲ್ಪ ಹಿಡಿದುಕೊಳ್ಳುತ್ತದೆ. ಮಜ್ಜಿಗೆ, ಎಳ್ಳು, ನುಗ್ಗೆ ಸೊಪ್ಪು ನಮ್ಮ ಅಡುಗೆಮನೆಯಲ್ಲಿ ಇರುವಂಥವೇ. ಕ್ಯಾಲ್ಸಿಯಂ ಕಡಿಮೆ ತಿನ್ನುವ ಮಕ್ಕಳಲ್ಲಿ ಮೊಣಕಾಲು ಒಳಕ್ಕೆ ಬಾಗುವಂಥ ತೊಂದರೆ ಜಾಸ್ತಿ. ನೀರು ಬದಲಾಯಿಸಿದರೆ ಮೂಳೆಯಲ್ಲಿ ಕೂತ ಫ್ಲೋರೈಡ್ ಮೆಲ್ಲಗೆ ಹೊರಗೆ ಹೋಗುತ್ತದೆ, ವರ್ಷಗಳೇ ಹಿಡಿಯುತ್ತವೆ. ಹಲ್ಲಿಗೆ ದಂತವೈದ್ಯರು ಮೇಲಿನ ಪದರಕ್ಕೆ ಚಿಕಿತ್ಸೆ ಮಾಡಿ ಗೆರೆ ಮಾಸಿಸಬಲ್ಲರು, ಇಲ್ಲವೇ ಹಲ್ಲಿನ ಬಣ್ಣದ ಲೇಪ ಹಾಕಬಲ್ಲರು.

ಇದನ್ನೆಲ್ಲ ಆ ಹುಡುಗಿಗೆ ಬೋರ್ಡಿನ ಮೇಲೆ ಬರೆದು ಹೇಳಿದೆ. ಅವಳು ಕೇಳಿದ್ದು ತನ್ನ ಹಲ್ಲಿನ ಬಗ್ಗೆ ಅಲ್ಲ.

"ನಮ್ ತಮ್ಮಗ ಒಂದೂವರಿ ವರ್ಷ ರೀ ಸರ. ಘಟಕದ ನೀರು ಅಪ್ಪಾಜಿ ಹೊಲಕ್ಕ ಒಯ್ತಾರ. ಅವಂಗ ಗಂಜಿ ಮಾಡೋದು ಬೋರಿನ ನೀರಾಗರೀ."

ಹದಿನೆಂಟು ತಿಂಗಳು. ಈಗಲೇ ಆ ಕೂಸಿನ ಮುಂದಿನ ಹಲ್ಲುಗಳ ಹಂದರ ಬಿಚ್ಚುವ ಕೆಲಸ ನಡೆಯುತ್ತಿದೆ. ಗಂಜಿಗೆ, ಬೇಳೆ ಕಟ್ಟಿಗೆ, ಹಾಲಿಗೆ ಬೆರೆಸುವುದಕ್ಕೆ ಘಟಕದ ನೀರೇ ಹಾಕಬೇಕು ಎಂದು ಹೇಳಿದೆ. ದಿನಕ್ಕೆ ಎರಡು ಲೀಟರ್ ಸಾಕು. ಅವಳು ಅಂಗೈ ಮೇಲೆ ಪೆನ್ನಿನಲ್ಲಿ ಬರೆದುಕೊಂಡಳು. ಮರುದಿನ ಬೆಳಿಗ್ಗೆ ಪ್ರಾರ್ಥನೆಗೆ ಮೊದಲೇ ಸ್ಟಾಫ್ ರೂಮಿನ ಬಾಗಿಲಲ್ಲಿ ನಿಂತಿದ್ದಳು, ಮನೆಯ ಕೊಡದ ನೀರು ತುಂಬಿದ ಒಂದು ಬಾಟಲಿ ಹಿಡಿದುಕೊಂಡು.